ಬೂಡಿಕಾ ಆಕರ ಪಟ್ಟಿ: ಪ್ರಾಚೀನರ ಕಾಲಂ ಬಹುತೇಕ ಮುಗಿದವು, ನಂತರದವರದು ನಡೆಯುತ್ತಿದೆ

ಕ್ರಿ.ಶ. 60–61ರಲ್ಲಿ ಬ್ರಿಟನ್ನಿನಲ್ಲಿ ರೋಮನ್ನರ ವಿರುದ್ಧ ದಂಗೆಯೆದ್ದ ಐಸೀನಿ ಬುಡಕಟ್ಟಿನ ರಾಣಿ ಬೂಡಿಕಾ. ಅವಳ ಬಗ್ಗೆ ಯಾರು ಏನು ಬರೆದರು ಎಂಬುದನ್ನು ಸ್ಪ್ರೆಡ್‌ಶೀಟಿಗೆ ಇಳಿಸುವ ಕೆಲಸ ಇದು. ಒಂದು ಕೃತಿಗೆ ಒಂದು ಕಾಲಂ. ಸಾಲುಗಳಲ್ಲಿ ದಂಗೆಯ ಕಾರಣ, ರಾಣಿಯ ರೂಪ, ಭಾಷಣ, ಸುಟ್ಟ ಊರು, ಸತ್ತವರ ಲೆಕ್ಕ, ರಾಣಿಯ ಸಾವು. ಲೇಖಕ ಹೇಳದೆ ಬಿಟ್ಟದ್ದನ್ನು ಖಾಲಿ ಬಿಡದೆ ‘ಇಲ್ಲ’ ಎಂದೇ ತುಂಬಬೇಕು. ಪಟ್ಟಿಯಲ್ಲಿ ಹೆಚ್ಚು ಕಲಿಸುವುದು ಆ ‘ಇಲ್ಲ’ಗಳೇ.

ರೋಮನ್ ಇತಿಹಾಸಕಾರ ಟ್ಯಾಸಿಟಸ್‌ಗೆ ಎರಡು ಕಾಲಂ ಬೇಕೇ ಬೇಕು. 98ರ ಸುಮಾರಿನ ‘ಅಗ್ರಿಕೋಲಾ’ದಲ್ಲಿ (ಅಧ್ಯಾಯ 15–16) ಅವಳು ದಂಗೆಯ ಮುಂದಾಳಾದ ರಾಜವಂಶದ ಹೆಂಗಸು, ಅಷ್ಟೇ. ಚಾಟಿಯೇಟು, ಹೆಣ್ಣುಮಕ್ಕಳು, ಸಾವು ಮೂರಕ್ಕೂ ‘ಇಲ್ಲ’. ಎರಡು ದಶಕದ ಆಚೀಚೆ ಬಂದ ‘ಆನಲ್ಸ್’ನಲ್ಲಿ (14ನೇ ಪುಸ್ತಕ, 29–39) ಗಂಡ ಪ್ರಾಸುಟಾಗಸ್‌ನ ಉಯಿಲು, ರಾಣಿಗೆ ಬಿದ್ದ ಚಾಟಿಯೇಟು, ಮಕ್ಕಳ ಮೇಲಿನ ಅತ್ಯಾಚಾರ, ಕೊನೆಗೆ ವಿಷ, ಎಲ್ಲವೂ ಇವೆ. ಎರಡನ್ನೂ ಒಂದೇ ಕಾಲಂಗೆ ತುರುಕಿದರೆ ಒಬ್ಬನೇ ಲೇಖಕನ ಕೈಯಲ್ಲಿ ಅವಳು ಹೇಗೆ ಬೆಳೆದಳು ಎಂಬುದು ಮುಚ್ಚಿಹೋಗುತ್ತದೆ.

ಮುಂದಿನ ಕಾಲಂನ ತಲೆಯಲ್ಲಿ ‘ಕ್ಯಾಸಿಯಸ್ ಡಿಯೋ’ ಎಂದಷ್ಟೇ ಬರೆದರೆ ಸಾಲದು. ‘ಕ್ಸಿಫಿಲಿನಸ್ ಮೂಲಕ’ ಎಂದು ಸೇರಿಸಬೇಕು. ರೋಮನ್ ಇತಿಹಾಸಕಾರ ಡಿಯೋ ಬರೆದದ್ದೇ ದಂಗೆಯ ಒಂದೂವರೆ ಶತಮಾನದ ನಂತರ. ಆ ಭಾಗ ಉಳಿದಿರುವುದು ಕ್ಸಿಫಿಲಿನಸ್ ಎಂಬ ಸನ್ಯಾಸಿ 11ನೇ ಶತಮಾನದಲ್ಲಿ ಮಾಡಿದ ಸಂಗ್ರಹದಲ್ಲಿ. ಎತ್ತರದ ಮೈಕಟ್ಟು, ಒರಟು ದನಿ, ಸೊಂಟದವರೆಗಿನ ಕೆಂಚು ಕೂದಲು, ಕೊರಳಲ್ಲಿ ಬಂಗಾರದ ದಪ್ಪ ಕಂಠಿ, ಬಣ್ಣಬಣ್ಣದ ಅಂಗಿ, ಕೈಯಲ್ಲಿ ಈಟಿ: ಈ ಚಿತ್ರವೆಲ್ಲ ಇಲ್ಲಿಯದೇ. ಚಾಟಿಯೇಟು, ಅತ್ಯಾಚಾರ ಇಲ್ಲಿ ‘ಇಲ್ಲ’. ಕಾರಣವೆಂದರೆ ದುಡ್ಡು: ರೋಮಿನ ತತ್ವಜ್ಞಾನಿ ಸೆನೆಕಾ ಕೊಟ್ಟ ದೊಡ್ಡ ಸಾಲದ ವಸೂಲಿ. ಸಾವು ಕಾಯಿಲೆಯಿಂದ. ಹಾಗಾಗಿ ಚಾಟಿಯೇಟು ತಿಂದ ಕೆಂಚು ಕೂದಲಿನ ರಾಣಿ ಈ ಇಬ್ಬರಲ್ಲಿ ಯಾರೂ ಬರೆದವಳಲ್ಲ. ಇಬ್ಬರನ್ನೂ ಬೆರೆಸಿ ನಂತರದವರು ಕಟ್ಟಿಕೊಂಡವಳು.

ಎಚ್ಚರ ತಪ್ಪುವುದು ಸಂಖ್ಯೆಗಳಲ್ಲಿ. 80,000 ಎರಡೂ ಕಡೆ ಬರುತ್ತದೆ. ಟ್ಯಾಸಿಟಸ್‌ನಲ್ಲಿ ಅದು ಕೊನೆಯ ಕಾಳಗದಲ್ಲಿ ಸತ್ತ ಬ್ರಿಟನ್ನರ ಲೆಕ್ಕ, ಅದೂ ‘ಕೆಲವರು ಹೇಳುವಂತೆ’. ಡಿಯೋನಲ್ಲಿ ಎರಡು ಊರುಗಳಲ್ಲಿ ಸತ್ತ ರೋಮನ್ನರು ಮತ್ತು ಅವರ ಮಿತ್ರರು. ಊರುಗಳಲ್ಲಿ ಸತ್ತವರನ್ನು ಟ್ಯಾಸಿಟಸ್ 70,000 ಎನ್ನುತ್ತಾನೆ, ಅವನ ಊರುಗಳು ಮೂರು. ಆದ್ದರಿಂದ ಸಂಖ್ಯೆಯ ಪಕ್ಕದಲ್ಲೇ ‘ಯಾರು, ಎಲ್ಲಿ’ ಎಂದು ಬರೆದಿಡಬೇಕು.

ನಂತರದವರಲ್ಲಿ 6ನೇ ಶತಮಾನದ ಬ್ರಿಟನ್ನಿನ ಸನ್ಯಾಸಿ ಗಿಲ್ಡಾಸ್ ಅವಳ ಹೆಸರೆತ್ತದೆ ‘ವಂಚಕ ಸಿಂಹಿಣಿ’ ಎಂದು ಬೈದು ಮುಂದೆ ಹೋಗುತ್ತಾನೆ. ಫ್ಲೆಚರ್‌ನ ‘ಬಾಂಡುಕಾ’ ನಾಟಕ (ಸುಮಾರು 1613) ಅವಳ ಪಕ್ಕಕ್ಕೆ ರೋಮನ್ನರ ವಿರುದ್ಧ ಹೋರಾಡಿದ ಇನ್ನೊಬ್ಬ ಬ್ರಿಟನ್ ನಾಯಕ ಕ್ಯಾರಟಾಕಸ್‌ನನ್ನು ತಂದು ನಿಲ್ಲಿಸುತ್ತದೆ; ಅವನು ಸೆರೆಸಿಕ್ಕಿದ್ದು 51ರಲ್ಲೇ, ಇದನ್ನು ಕೆಂಪು ಬಣ್ಣದಲ್ಲಿ ಗುರುತಿಸಿದೆ. 1670ರಲ್ಲಿ ಕವಿ ಮಿಲ್ಟನ್‌ಗೆ ಹೆಂಗಸು ಸೈನ್ಯ ನಡೆಸಿದ್ದೇ ನಾಚಿಕೆಯ ಮಾತು. 1782ರಲ್ಲಿ ಕೂಪರ್‌ನ ಪದ್ಯ ಅವಳ ಸಂತತಿಗೆ ಸಾಮ್ರಾಜ್ಯದ ಭವಿಷ್ಯ ನುಡಿಯಿತು. ಆ ಸಾಲುಗಳೇ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ಬಳಿ ಶಿಲ್ಪಿ ಥಾರ್ನಿಕ್ರಾಫ್ಟ್ ಮಾಡಿದ ಬೂಡಿಕಾ ಪ್ರತಿಮೆಯ (1902) ಪೀಠಕ್ಕೆ ಏರಿದವು. ಲಂಡನ್ ಸುಟ್ಟವಳಿಗೆ ಸಾಮ್ರಾಜ್ಯದ ತಾಯಿಯ ಪಟ್ಟ! ಇಡೀ ಪಟ್ಟಿಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲ.

ಬಾಕಿ ಇರುವುದು ರಥದ ಸಾಲು. ರಾಣಿ ರಥವೇರಿದ್ದನ್ನು ಟ್ಯಾಸಿಟಸ್, ಡಿಯೋ ಇಬ್ಬರೂ ಹೇಳುತ್ತಾರೆ, ಆದರೆ ಗಾಲಿಗೆ ಕತ್ತಿ ಕಟ್ಟುವವನು ಥಾರ್ನಿಕ್ರಾಫ್ಟ್. ಬ್ರಿಟನ್ನರ ಕತ್ತಿಗಾಲಿ ರಥಗಳ ಮಾತು ದಂಗೆಗೂ ಮೊದಲಿನ ರೋಮನ್ ಭೂಗೋಳಜ್ಞ ಪೊಂಪೋನಿಯಸ್ ಮೇಲಾನಲ್ಲಿದೆ. ಅವನಿಗೂ ಒಂದು ಕಾಲಂ ತೆರೆಯಬೇಕು.