ಘಾಟಿ ಇಳಿಯುವಾಗ ನಾನು ಜೋರಾಗಿ ಮಾತಾಡುತ್ತೇನೆ

ನಾನು ಡಯಾಲಿಸಿಸ್ ಮಷೀನ್ ಸರ್ವಿಸ್ ಮಾಡುವವನು. ಮನೆ ತೀರ್ಥಹಳ್ಳಿ ಕಡೆ. ಮಲೆನಾಡಿನ ಆಸ್ಪತ್ರೆಗಳೂ ಕರಾವಳಿಯ ಕೆಲವು ಆಸ್ಪತ್ರೆಗಳೂ ನನ್ನ ಪಾಲಿಗೆ ಬಂದಿವೆ. ತಿಂಗಳಿಗೆ ಆರೇಳು ಸಲ ಆಗುಂಬೆ ಘಾಟಿ ಇಳಿದು ಹತ್ತಬೇಕು. ಬೈಕಿನಲ್ಲೇ. ಬೆನ್ನಿಗೆ ಟೂಲ್ ಬ್ಯಾಗು, ಹಿಂದಿನ ಸೀಟಿಗೆ ಕಟ್ಟಿದ ಸ್ಪೇರ್ ಪಾರ್ಟ್ಸ್ ಡಬ್ಬ. ಹನ್ನೊಂದು ವರ್ಷದಿಂದ ಇದೇ ಓಡಾಟ. ಗಾಡಿ ಓಡಿಸೋದು ನನಗೆ ಚೆನ್ನಾಗಿ ಬರುತ್ತೆ ಅಂತಲೇ ನಂಬಿದ್ದೆ.

ಎರಡು ಮಳೆಗಾಲದ ಹಿಂದೆ ಅದೇ ಘಾಟಿಯಲ್ಲಿ ಬಿದ್ದೆ.

ಅವತ್ತು ಕೆಳಗಿನ ಒಂದು ಆಸ್ಪತ್ರೆಯಲ್ಲಿ ಮಷೀನ್ ನಿಂತಿತ್ತು. ಒಂದು ಡಯಾಲಿಸಿಸ್‌ಗೆ ಸುಮಾರು ನಾಲ್ಕು ಗಂಟೆ ಬೇಕು. ಒಂದು ಮಷೀನ್ ಕೆಟ್ಟರೆ ಅವತ್ತಿನ ಸರದಿಯವರೆಲ್ಲ ಕಾಯಬೇಕು, ಅವರಲ್ಲಿ ವಯಸ್ಸಾದವರೇ ಜಾಸ್ತಿ. ಹೊರಡುವಾಗಲೇ ಮೂರು ಫೋನ್ ಬಂದಿತ್ತು. 'ಎಷ್ಟು ಹೊತ್ತಿಗೆ ಬರ್ತೀರಿ ಸರ್?' 'ಇನ್ನೊಂದು ಗಂಟೆಯಲ್ಲಿ' ಅಂದುಬಿಟ್ಟಿದ್ದೆ.

ಬಲಕ್ಕೆ ಹೊರಳುವ ಹೇರ್‌ಪಿನ್ ತಿರುವು. ಒಳಗೆ ನುಗ್ಗಿದ ಮೇಲೆ ವೇಗ ಜಾಸ್ತಿ ಆಯಿತು ಅನ್ನಿಸಿತು. ಎಡಗಡೆ ತಡೆಗೋಡೆ ಕಂಡಿತು. ಅದರ ಬುಡದಲ್ಲಿ ಹಾವಸೆ ಕಟ್ಟಿತ್ತು, ಮೇಲಿನ ಬಣ್ಣ ಅರ್ಧ ಎದ್ದುಹೋಗಿತ್ತು. ಇಷ್ಟೆಲ್ಲ ಇವತ್ತಿಗೂ ನೆನಪಿರೋದು ಯಾಕೆಂದರೆ ನಾನು ನೋಡುತ್ತಿದ್ದದ್ದು ಅದನ್ನೇ. ಗಾಡಿಯೂ ಅಲ್ಲಿಗೇ ಹೋಯಿತು. ಗಾಬರಿಯಲ್ಲಿ ಮುಂದಿನ ಬ್ರೇಕ್ ಗಬಕ್ಕನೆ ಹಿಡಿದೆ. ನನ್ನದು 2016ರ ಗಾಡಿ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಮುಂದಿನ ಚಕ್ರ ಲಾಕ್ ಆಗಿ ಜಾರಿತು. ಕಾಲರ್ ಬೋನ್ ಮುರಿದು ಆರು ವಾರ ಮನೆಯಲ್ಲಿ ಕೂತೆ. ಅವತ್ತು ಕಾಯುತ್ತಿದ್ದವರು ಮಾರನೇ ದಿನ ಇನ್ನೊಬ್ಬ ಟೆಕ್ನೀಷಿಯನ್ ಹೋಗುವವರೆಗೂ ಕಾಯಬೇಕಾಯಿತು. ನನ್ನ ನೋವಿಗಿಂತ ಅದೇ ನನ್ನನ್ನು ಹೆಚ್ಚು ಕಾಡಿತು.

ವಾಪಸ್ ಕೆಲಸಕ್ಕೆ ಹೋಗುವ ಮುಂಚೆ ಮೂರು ದಿನದ ಅಡ್ವಾನ್ಸ್ಡ್ ರೈಡಿಂಗ್ ತರಬೇತಿಗೆ ಸೇರಿದೆ. ಮೊಣಕಾಲು ನೆಲಕ್ಕೆ ತಾಗಿಸೋದು, ರೇಸ್ ತರಹ ಓಡಿಸೋದು ಕಲಿಸುತ್ತಾರೇನೋ ಅಂದುಕೊಂಡಿದ್ದೆ. ಮೊದಲ ದಿನ ಪೂರ್ತಿ ನಡಿಗೆಗಿಂತ ನಿಧಾನವಾಗಿ ಓಡಿಸಿದೆವು. ಹಾಫ್ ಕ್ಲಚ್, ಹಿಂದಿನ ಬ್ರೇಕ್ ಮೇಲೆ ಹಗುರ ಒತ್ತಡ, ಕಾಲು ಕೆಳಗಿಡದೆ ಎಂಟರ ಆಕಾರದಲ್ಲಿ ಸುತ್ತು. ನಾನು ಕೆಳಗೆ ಚಕ್ರದ ಹತ್ತಿರವೇ ನೋಡುತ್ತಿದ್ದೆ, ಪ್ರತಿ ಸಲ ಕೋನ್ ತಾಗುತ್ತಿತ್ತು. ಟ್ರೇನರ್ ಬಂದು ನನ್ನ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಮುಂದಿನ ಕೋನ್ ಕಡೆಗೆ ತಿರುಗಿಸಿದರು. 'ಕತ್ತು ತಿರುಗಲಿ, ಗಾಡಿ ತಾನಾಗೇ ಬರುತ್ತೆ.' ಬಂತು. ಆ ತಡೆಗೋಡೆಗೆ ನಾನು ಯಾಕೆ ಹೋಗಿ ಬಡಿದೆ ಅನ್ನೋದು ಅಲ್ಲಿ, ಆ ಗ್ರೌಂಡಿನಲ್ಲಿ ಅರ್ಥವಾಯಿತು.

ಎರಡನೇ ದಿನ ಬ್ರೇಕು. ಗಾಡಿ ನಿಲ್ಲಿಸುವ ಶಕ್ತಿಯಲ್ಲಿ ಹೆಚ್ಚು ಪಾಲು ಮುಂದಿನ ಚಕ್ರದ್ದೇ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬೀಳುತ್ತೆ, ಟೈರ್ ನೆಲಕ್ಕೆ ಒತ್ತಿಕೊಳ್ಳುತ್ತೆ, ಹಿಡಿತ ಹೆಚ್ಚುತ್ತೆ. ಆದರೆ ಭಾರ ಬೀಳೋದಕ್ಕೆ ಒಂದು ಕ್ಷಣ ಬೇಕು. ನಾನು ಆ ಕ್ಷಣ ಕೊಟ್ಟಿರಲಿಲ್ಲ. ನಿಂಬೆಹಣ್ಣು ಹಿಂಡುವ ಹಾಗೆ ಹಿಡೀಬೇಕು, ಮೊದಲು ಮೆತ್ತಗೆ, ಆಮೇಲೆ ಗಟ್ಟಿಯಾಗಿ. ಅದೂ ಗಾಡಿ ನೆಟ್ಟಗಿರುವಾಗ, ತಿರುವಿಗೆ ಮುಂಚೆ. ಇನ್ನೊಂದು ಲೆಕ್ಕ ಹೇಳಿದರು. 60ರ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗಿರುತ್ತೀವಿ, ಬ್ರೇಕ್ ಮುಟ್ಟುವ ಮುಂಚೆಯೇ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲೋದಕ್ಕೆ ಬೇಕಾದ ದೂರ ನಾಲ್ಕರಷ್ಟು.

ಮೂರನೇ ದಿನ ರಸ್ತೆಗೆ ಹೋದೆವು. ನನ್ನ ಕೆಲಸವನ್ನೇ ಬದಲಿಸಿದ್ದು ಆ ದಿನ. ಲಂಡನ್ನಿನ ಹೆಂಡನ್‌ನಲ್ಲಿ 1930ರ ದಶಕದಲ್ಲಿ ಪೊಲೀಸರಿಗೆ ಅಂತಲೇ ಚಾಲನೆಯ ಶಾಲೆ ಶುರುವಾಯಿತು. ಅಲ್ಲಿನ ಪೊಲೀಸರ ತರಬೇತಿಯಿಂದ ಬೆಳೆದ ಒಂದು ಪದ್ಧತಿಯನ್ನು ನಮಗೂ ಕಲಿಸಿದರು. ಮೊದಲು ಮಾಹಿತಿ, ಆಮೇಲೆ ರಸ್ತೆಯಲ್ಲಿ ನಮ್ಮ ಜಾಗ, ಆಮೇಲೆ ವೇಗ, ಗೇರ್, ಕೊನೆಗೆ ಆಕ್ಸಿಲರೇಟರ್. ನಾನು ಅಲ್ಲಿವರೆಗೆ ಬರೀ ಕೊನೆಯ ಮೂರನ್ನು ಮಾಡಿಕೊಂಡಿದ್ದೆ. ಮಾಹಿತಿ ಸಿಗೋದಕ್ಕೆ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಓಡಿಸಬೇಕು. ಟ್ರೇನರ್ ಹಿಂದಿನ ಬೈಕಿನಿಂದ ಇಂಟರ್‌ಕಾಮಿನಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಮೊದಲು ಇಂಗ್ಲಿಷಿನಲ್ಲಿ ತಡವರಿಸಿದೆ. 'ಕನ್ನಡದಲ್ಲೇ ಹೇಳ್ರೀ' ಅಂದರು.

ಆಮೇಲೆ ಮಾತು ಸಲೀಸಾಯಿತು. 'ಮುಂದೆ ಬಸ್ಸು ನಿಂತಿದೆ. ಬಾಗಿಲು ತೆಗೆದಿದೆ. ಇಳಿದವರು ಮುಂದಿಂದ ದಾಟಬಹುದು, ಬ್ರೇಕ್ ಮೇಲೆ ಎರಡು ಬೆರಳು. ಎಡಗಡೆ ಗೇಟು ತೆಗೆದಿದೆ, ನಾಯಿ ಇರಬಹುದು. ರಸ್ತೆಯಲ್ಲಿ ಸಗಣಿ, ಇನ್ನೂ ಹಸಿ ಇದೆ, ದನ ಇಲ್ಲೇ ಎಲ್ಲೋ ಇದೆ.' ಮುಂದಿನ ತಿರುವಿನಲ್ಲಿ ನಾಲ್ಕು ದನ ಅಡ್ಡ ನಿಂತಿದ್ದವು. ನಾನು ಆಗಲೇ 20ಕ್ಕೆ ಇಳಿಸಿದ್ದೆ. ಸಗಣಿ ನೋಡಿ ದನ ಹತ್ತಿರ ಇದೆ ಅಂತ ಹೇಳೋದು ಹಳ್ಳಿಯವನಾದ ನನಗೆ ಚಿಕ್ಕಂದಿನಿಂದ ಗೊತ್ತು. ಗಾಡಿ ಮೇಲೆ ಕೂತಾಗ ಮಾತ್ರ ಅದನ್ನು ಬಳಸಿಯೇ ಇರಲಿಲ್ಲ.

ತಿರುವಿಗೆ ಕಲಿಸಿದ್ದು ಇನ್ನೊಂದು. ಮುಂದೆ ನೋಡಿದರೆ ರಸ್ತೆಯ ಎರಡೂ ಅಂಚು ಒಂದು ಕಡೆ ಕೂಡಿದ ಹಾಗೆ ಕಾಣುತ್ತೆ. ಲಿಮಿಟ್ ಪಾಯಿಂಟ್ ಅಂತಾರೆ. ಆ ಜಾಗ ನಿಮ್ಮಷ್ಟೇ ವೇಗದಲ್ಲಿ ಮುಂದೆ ಸರಿಯುತ್ತಾ ಹೋದರೆ ನಿಮ್ಮ ವೇಗ ಸರಿಯಾಗಿದೆ. ಹತ್ತಿರ ಬರುತ್ತಿದ್ದರೆ ತಿರುವು ಬಿಗಿಯಾಗುತ್ತಿದೆ, ಈಗಲೇ ಇಳಿಸಬೇಕು. ದೂರ ಓಡಿದರೆ ರಸ್ತೆ ಬಿಚ್ಚಿಕೊಳ್ಳುತ್ತಿದೆ. ಕಣ್ಣಿಗೆ ಖಾಲಿ ಕಂಡಷ್ಟು ರಸ್ತೆಯೊಳಗೆ, ನಮ್ಮ ಬದಿಯಲ್ಲೇ, ನಿಲ್ಲಿಸೋ ಹಾಗಿರಬೇಕು. ಘಾಟಿಯ ತಿರುವಿನಲ್ಲಿ ಹಾಗೆ ಕಾಣೋದು ಕೆಲವೊಮ್ಮೆ ಹತ್ತು ಮೀಟರ್ ಕೂಡ ಇಲ್ಲ. ಅಲ್ಲಿ 30 ಕೂಡ ಜಾಸ್ತಿ.

ಈಗ ಆಗುಂಬೆಯ 14 ತಿರುವನ್ನೂ ಮಾತಾಡುತ್ತಲೇ ಇಳಿಯುತ್ತೇನೆ. 'ಮರದಡಿ ಒದ್ದೆ ಎಲೆ. ಅಂಚಿನಲ್ಲಿ ಪಾಚಿ. ಕಾರು ನಿಲ್ಲಿಸಿ ಮಂಗನಿಗೆ ತಿಂಡಿ ಹಾಕ್ತಿದ್ದಾರೆ, ಮಗು ರಸ್ತೆಗೆ ಬಂದಿದೆ. ಕೆಳಗಿಂದ ಹಾರ್ನ್, ಮಿನಿ ಬಸ್ಸು, ಅಗಲವಾಗಿ ತಿರುಗುತ್ತೆ, ಇಲ್ಲೇ ನಿಲ್ಲು.'

ಆಫೀಸಿನಲ್ಲೂ ಒಂದು ಮಾತು ಆಡಬೇಕಾಯಿತು. ನಮ್ಮಲ್ಲಿ ದೂರು ಬಂದ ಹೊತ್ತಿನಿಂದ ತಲುಪುವ ಹೊತ್ತಿನವರೆಗೆ ಲೆಕ್ಕ ಇಡುತ್ತಾರೆ. ಘಾಟಿಗೂ ಬಯಲಿಗೂ ಒಂದೇ ಲೆಕ್ಕವಿತ್ತು. ಮ್ಯಾನೇಜರ್ ಹತ್ತಿರ ಕೂತು ಹೇಳಿದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿ ದಾರಿಗೆ ಮುಕ್ಕಾಲು ಗಂಟೆ ಸೇರಿಸಿ ಅಂತ. ಒಂದೇ ಸಲಕ್ಕೆ ಒಪ್ಪಲಿಲ್ಲ, ಎರಡು ತಿಂಗಳು ಹಿಡಿಯಿತು. ಈಗ ಸೇರಿಸಿದ್ದಾರೆ. ಆಸ್ಪತ್ರೆಯವರಿಗೂ ಹೊರಡುವಾಗಲೇ ಸರಿಯಾದ ಹೊತ್ತು ಹೇಳುತ್ತೇನೆ. ಎರಡು ಗಂಟೆ ಅಂದರೆ ಎರಡು ಗಂಟೆ. ಸಿಸ್ಟರ್‌ಗಳು ಅದಕ್ಕೆ ತಕ್ಕ ಹಾಗೆ ಸರದಿ ಬದಲಿಸಿಕೊಳ್ಳುತ್ತಾರೆ. ಸುಮ್ನೆ 'ಒಂದು ಗಂಟೆ' ಅಂದಾಗ ಅವರಿಗೆ ಅದೂ ಸಾಧ್ಯವಿರಲಿಲ್ಲ. ಗಾಡಿ ಹತ್ತಿದ ಮೇಲೆ ಫೋನ್ ಬ್ಯಾಗಿನೊಳಗೆ.

ಹೋದ ತಿಂಗಳು ನಮ್ಮ ಟೀಮಿಗೆ ಇಬ್ಬರು ಹುಡುಗರು ಸೇರಿದರು. ಭಾನುವಾರ ಬೆಳಿಗ್ಗೆ ಅವರನ್ನು ಶಾಲೆಯ ಗ್ರೌಂಡಿಗೆ ಕರೆದುಕೊಂಡು ಹೋಗುತ್ತೇನೆ. ಸುಣ್ಣದಲ್ಲಿ ಒಂದು ಗೆರೆ ಎಳೆದು, 40ರಲ್ಲಿ ಬಂದು ಗೆರೆ ಕಂಡ ಕೂಡಲೇ ಬ್ರೇಕ್ ಹಿಡಿಯೋದು. ಒಬ್ಬನ ಹಿಂದಿನ ಚಕ್ರ ಮೊದಲ ವಾರ ಪ್ರತಿ ಸಲ ಎಳೆದುಕೊಂಡು ಹೋಗುತ್ತಿತ್ತು. 'ಅಣ್ಣ, ಮುಂದಿನದು ಹಿಡಿದ್ರೆ ಬೀಳಲ್ವಾ?' ಅಂತ ಕೇಳಿದ. ಅವನ ಬೆರಳಿನ ಮೇಲೆ ನನ್ನ ಬೆರಳಿಟ್ಟು, ಗಾಡಿ ನಿಂತಲ್ಲೇ ಲಿವರ್ ಹಿಂಡಿ ತೋರಿಸಿದೆ. ನಾಲ್ಕನೇ ವಾರಕ್ಕೆ ಅವನು ನಿಲ್ಲುವ ಜಾಗ ನಾಲ್ಕು ಹೆಜ್ಜೆ ಹಿಂದಕ್ಕೆ ಬಂದಿದೆ. 60ಕ್ಕೆ ಇನ್ನೂ ಹೋಗಿಲ್ಲ. ಮಳೆ ಬಿಟ್ಟು ನೆಲ ಒಣಗಲಿ ಅಂತ ಕಾಯುತ್ತಿದ್ದೇವೆ.