ಕುದುರೆಮುಖಕ್ಕೆ ಹೊರಟ ಟೆಂಟು

ಟೆಂಟು ಬಂದದ್ದು ನವೆಂಬರ್‌ನಲ್ಲಿ. ನಾಲ್ಕು ಜನರಿಗೆ ಅಂತ ಪೆಟ್ಟಿಗೆ ಮೇಲೆ ಬರೆದಿತ್ತು. ಮಂಗಳೂರಿನ ನಮ್ಮ ಫ್ಲ್ಯಾಟಿನ ಟೆರೇಸ್‌ನಲ್ಲಿ ಬಿಡಿಸಿ ಮಲಗಿ ನೋಡಿದೆವು. ಮೂವರು ಸರಿಯಾಗಿ ಹಿಡಿದರು. ನಾಲ್ಕನೆಯವನ ಕಾಲು ಹೊರಗೆ. ಆ ನಾಲ್ಕನೆಯವನು ನಾನೇ.

ಕುದುರೆಮುಖದ ತುದಿಯಲ್ಲಿ ಟೆಂಟು ಹಾಕಬೇಕು, ಬೆಳಿಗ್ಗೆ ಜಿಪ್ ತೆಗೆದರೆ ಮೋಡ ಕಾಲ ಕೆಳಗೆ ಇರಬೇಕು ಅನ್ನುವುದು ನಮ್ಮ ಮೊದಲ ಪ್ಲಾನ್. ತುದಿ 1,890 ಮೀಟರಿಗೂ ಎತ್ತರ. ಅಲ್ಲಿ ಚಳಿಗೆ ಏನು ಹೊದೆಯುವುದು ಅನ್ನುವಲ್ಲಿವರೆಗೂ ಚರ್ಚೆ ಮುಟ್ಟಿತ್ತು. ಆಮೇಲೆ ಒಬ್ಬ ನಿಯಮ ಓದಿದ. 1987ರಿಂದ ಅದು ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡು ಹತ್ತಬಹುದು, ಅದೇ ದಿನ ಇಳಿಯಬೇಕು. ರಾತ್ರಿ ಉಳಿಯುವ ಹಾಗಿಲ್ಲ, ಬೆಂಕಿ ಹಾಕುವ ಹಾಗೂ ಇಲ್ಲ. ಜನವರಿಯಲ್ಲಿ ಅಲ್ಲಿನ ಹುಲ್ಲು ಒಣಗಿ ಕಾಗದದ ಹಾಗೆ ಇರುತ್ತದೆ. ಒಂದು ಕಿಡಿ ಬಿದ್ದರೆ ಗುಡ್ಡಕ್ಕೆ ಗುಡ್ಡವೇ ಹೋಗುತ್ತದೆ. ನಿಯಮ ಓದಿದ ಮೇಲೆ ಸಿಟ್ಟು ಬಂತು, ಕಾರಣ ಗೊತ್ತಾದ ಮೇಲೆ ಸಿಟ್ಟು ಹೋಯಿತು. ಆಸೆ ಮಾತ್ರ ಹೋಗಲಿಲ್ಲ.

ಸರಿ, ಸೋಮೇಶ್ವರ ಅಭಯಾರಣ್ಯದ ಕಡೆ ಹೋಗೋಣ, ಹೆಬ್ರಿಯ ಆಚೆ ಸೀತಾನದಿ ಪಕ್ಕದಲ್ಲಿ ಎಲ್ಲಾದರೂ ಹಾಕೋಣ ಅಂದುಕೊಂಡೆವು. ‘ಎಲ್ಲಾದರೂ’ ಅನ್ನುವ ಮಾತೇ ತಪ್ಪು. ಅದು 1974ರಿಂದ ಅಭಯಾರಣ್ಯ. ರಸ್ತೆ ಬಿಟ್ಟು ಹತ್ತು ಹೆಜ್ಜೆ ಒಳಗೆ ಹೋದರೂ ಅನುಮತಿ ಬೇಕು. ಊರಲ್ಲಿ ಕೂತು ಮ್ಯಾಪ್ ನೋಡುವಾಗ ಹಸಿರು ಕಂಡದ್ದೆಲ್ಲ ಖಾಲಿ ಜಾಗದ ಹಾಗೆ ಕಾಣುತ್ತದೆ, ಅಲ್ವಾ?

ಕೊನೆಗೆ ದಾರಿ ತೋರಿಸಿದ್ದು ಗೆಳೆಯನ ಸೋದರಮಾವ. ಹೆಬ್ರಿ ಹತ್ತಿರ ಅವರ ಅಡಿಕೆ ತೋಟ. ಕಾಡಿನ ಅಂಚು, ಆದರೆ ಪಟ್ಟಾ ಜಾಗ. ಫೋನಿನಲ್ಲೇ ಕೇಳಿದರು: “ಮನೆಯಲ್ಲಿ ಎರಡು ಕೋಣೆ ಖಾಲಿ ಬಿದ್ದಿದೆ, ನೀವು ಹೊರಗೆ ಮಲಗುವುದಾ ಮಾರಾಯ್ರೆ?”

ಸಾಮಾನಿನ ಪಟ್ಟಿ ಮಾಡುವಾಗ ಜಗಳವಾದದ್ದು ಅಡುಗೆಯ ವಿಷಯಕ್ಕೆ. ಒಬ್ಬ ನೂಡಲ್ಸ್ ಅಂದ. ನನ್ನ ಅಭಿಪ್ರಾಯದಲ್ಲಿ ಕ್ಯಾಂಪಿಂಗಿಗೆ ಕೋರಿ ರೊಟ್ಟಿಯಷ್ಟು ಒಳ್ಳೆಯ ಊಟ ಬೇರೆ ಇಲ್ಲ. ಹಪ್ಪಳದ ಹಾಗೆ ಒಣಗಿದ ಅಕ್ಕಿ ರೊಟ್ಟಿ, ಹಗುರ, ತಿಂಗಳಾದರೂ ಕೆಡುವುದಿಲ್ಲ. ಕೋಳಿ ಸಾರು ಒಂದಿದ್ದರೆ ಆಯಿತು. ನಾಲ್ಕು ಪ್ಯಾಕೆಟ್ ರೊಟ್ಟಿ ಬ್ಯಾಗಿಗೆ ಹೋಯಿತು. ನೂಡಲ್ಸ್ ಹೋಗಲಿಲ್ಲ.

ಜನವರಿಯ ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಮೂಡುಬಿದಿರೆಯಲ್ಲಿ ಬನ್ಸ್, ಚಾ. ಕಾರ್ಕಳದಲ್ಲಿ ಕಾರು ಸುಮ್ನೆ ನಿಧಾನವಾಯಿತು. ಬಜಗೋಳಿ ಕಡೆ ತಿರುಗಿದರೆ ಮಾಳ ಘಾಟಿ, ಎಸ್.ಕೆ. (ಸೌತ್ ಕೆನರಾ) ಬಾರ್ಡರ್, ಕುದುರೆಮುಖ. ಯಾರೂ ಮಾತಾಡಲಿಲ್ಲ. ಹೆಬ್ರಿ ರಸ್ತೆ ಹಿಡಿದೆವು.

ಮಾವ ಮೊದಲು ನಮ್ಮ ಕಾಲು ನೋಡಿದರು. ಒಬ್ಬನದು ಚಡ್ಡಿ, ಚಪ್ಪಲಿ. “ಉಣ್ಣಿ ಗೊತ್ತುಂಟಾ?” ಅಂದರು. ನಾವು ಉಂಬುಳದ, ಅಂದರೆ ಕಾಡಿನ ಜಿಗಣೆಯ, ಬಗ್ಗೆ ಓದಿಕೊಂಡು ಬಂದಿದ್ದೆವು, ಉಪ್ಪಿನ ಪೊಟ್ಟಣವೂ ಇತ್ತು. ಉಂಬುಳ ಮಳೆಗಾಲದ್ದು, ರಕ್ತ ಕುಡಿದು ಬಿದ್ದು ಹೋಗುತ್ತದೆ. ಈಗ ಒಣಗಿದ ಕಾಲದಲ್ಲಿ ಹೆದರಬೇಕಾದದ್ದು ಉಣ್ಣಿಗೆ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಜ್ವರ ಇದು. 80ರ ದಶಕದಲ್ಲಿ ಬೆಳ್ತಂಗಡಿ ಕಡೆಯೂ ಜೋರಾಗಿ ಬಂದಿತ್ತು. ಉಣ್ಣಿ ಇರುವುದು ತರಗೆಲೆಯ ನಡುವೆ. ನಾವು ಟೆಂಟಿಗೆ ಗುರುತು ಮಾಡಿದ್ದು ಎಲ್ಲಿ? ಹಲಸಿನ ಮರದ ಕೆಳಗೆ, ಮೆತ್ತಗಿದೆ ಅಂತ ತರಗೆಲೆಯ ರಾಶಿಯ ಮೇಲೆಯೇ.

ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಹಾಗಾಗಿ ಟೆಂಟಿಗೆ ಸಿಕ್ಕಿದ್ದು ಕೊಯ್ಲು ಮುಗಿದ ಗದ್ದೆ. ಎರಡು ಕಡೆ ತೋಟ, ಒಂದು ಕಡೆ ಕಾಡು, ಇನ್ನೊಂದು ಕಡೆ ನೂರು ಹೆಜ್ಜೆಗೆ ಮಾವನ ಬಚ್ಚಲು. ಗೂಟ ಹೊಡೆಯಲು ಹೋದರೆ ನೆಲ ಕಲ್ಲಿನ ಹಾಗೆ. ಎರಡು ಗೂಟ ಬಾಗಿದವು. ಮಾವನ ಹಾರೆ ಬಂದ ಮೇಲೆ ಕೆಲಸವಾಯಿತು. ಪಟ್ಟಿಯಲ್ಲಿ ಟಾರ್ಚ್ ಮೂರು ಇತ್ತು, ಸುತ್ತಿಗೆ ಇರಲಿಲ್ಲ.

ಮಧ್ಯಾಹ್ನ ಕೂಡ್ಲು ತೀರ್ಥಕ್ಕೆ ಹೋದೆವು. ಗೇಟಿನಲ್ಲಿ ಟಿಕೆಟ್ ಮಾಡಿಸಿ ಕಾಡಿನೊಳಗೆ ನಡೆಯಬೇಕು. ಮೇಲಿನಿಂದ ಬೀಳುವ ನೀರು, ಕೆಳಗೆ ಕಪ್ಪು ಗುಂಡಿ. ಕಾಲಿಟ್ಟರೆ ಜುಂ ಅನ್ನುತ್ತದೆ. ಗುಂಡಿ ಆಳ ಇದೆ, ಅಂಚಿನಲ್ಲೇ ಕೂತೆವು. ಇದು ಸೀತಾನದಿಯ ನೀರು. ಇಲ್ಲಿಂದ ಇಳಿದು, ಕೋಡಿಬೇಂಗ್ರೆ ಹತ್ತಿರ ಸ್ವರ್ಣಾ ನದಿಯನ್ನು ಸೇರಿ ಸಮುದ್ರಕ್ಕೆ ಹೋಗುತ್ತದೆ. ಹೋದ ವರ್ಷ ಅದೇ ಬೇಂಗ್ರೆಯ ಮರಳಿನಲ್ಲಿ ಕೂತು ಇದೇ ನಾಲ್ವರು ಕಾಡಿಗೆ ಹೋಗಬೇಕು ಅಂತ ಮಾತಾಡಿದ್ದು.

ರಾತ್ರಿ ಮಾವನ ಮನೆಯಲ್ಲೇ ಕೋಳಿ ಬೆಂದಿತು. ಗದ್ದೆಯಲ್ಲಿ ಒಲೆ ಹೂಡಲು ಅವರು ಬಿಡಲಿಲ್ಲ, ತೋಟದಲ್ಲೆಲ್ಲ ಒಣ ಸೋಗೆ. ಒಂದು ಪ್ಯಾಕೆಟ್ ರೊಟ್ಟಿ ಖಾಲಿಯಾಯಿತು. ಉಳಿದದ್ದನ್ನು ಬ್ಯಾಗಿನಲ್ಲೇ ಟೆಂಟಿನ ಹೊರಗೆ ಇಟ್ಟೆವು, ಒಳಗೆ ಜಾಗ ಇರಲಿಲ್ಲವಲ್ಲ.

ಕಾಡಿನ ಮೌನ ಕೇಳಬೇಕು ಅಂತ ಬಂದಿದ್ದೆವು. ಒಂದು ಸಲ ಕಾಡುಕುರಿ ಕೂಗಿತು, ಥೇಟ್ ನಾಯಿ ಬೊಗಳಿದ ಹಾಗೆ. ಆಮೇಲೆ ಶುರುವಾಯಿತು ಚೆಂಡೆ. ಗುಡ್ಡದ ಆಚೆ ಎಲ್ಲೋ ಯಕ್ಷಗಾನದ ಆಟ, ಮೈಕಿನಲ್ಲಿ ಭಾಗವತರ ಪದ ಗಾಳಿಗೆ ಬಂದು ಹೋಗುತ್ತಿತ್ತು. ಇತ್ತ ನಮ್ಮ ಉಸಿರೇ ಟೆಂಟಿನ ಬಟ್ಟೆಗೆ ಮೆತ್ತಿ ನೀರಾಗಿ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಗಾಳಿ ಆಡಲು ಕಿಟಕಿ ತೆರೆದಿಡಬೇಕಿತ್ತು, ಚಳಿಗೆ ಮುಚ್ಚಿದ್ದೆವು. ಒಂದೂವರೆಗೆ ಎದ್ದು ಕೂತೆವು. ಹೊರಗೆ ಟಾರ್ಚಿನ ಬೆಳಕು. ಮಾವ ಶಾಲು ಹೊದ್ದು ನಿಂತಿದ್ದರು.

“ಎಚ್ಚರ ಉಂಟಲ್ಲ? ಬನ್ನಿ, ಮಹಿಷಾಸುರ ಬರುವ ಹೊತ್ತಾಯಿತು.”

ಬಯಲಿನಲ್ಲಿ ಚಾಪೆ ಹಾಸಿ ಕೂತೆವು. ದೊಂದಿಯ ಬೆಂಕಿ ಹಾರಿಸುತ್ತಾ ಮಹಿಷಾಸುರ ಜನರ ನಡುವಿಂದಲೇ ಓಡಿ ಬಂದ. ನಮ್ಮಲ್ಲೊಬ್ಬ ಚಾಪೆ ಬಿಟ್ಟು ಎದ್ದೇ ಓಡಿದ. ಬೆಳಗಿನವರೆಗೂ ಟೆಂಟಿನ ನೆನಪೇ ಬರಲಿಲ್ಲ.

ಆರೂವರೆಗೆ ಗದ್ದೆಗೆ ಬಂದಾಗ ಟೆಂಟು ಇತ್ತು, ಬ್ಯಾಗ್ ಇರಲಿಲ್ಲ. ತೋಟದ ಬೇಲಿ ಹತ್ತಿರ ಸಿಕ್ಕಿತು, ಜಿಪ್ ಹರಿದಿತ್ತು. ಸುತ್ತ ನೆಲ ಕಿತ್ತು ಹಾಕಿದ ಗುರುತು. ಮಾವ ಬಗ್ಗಿ ನೋಡಿ “ಹಂದಿ” ಅಂದರು. ಮೂರು ಪ್ಯಾಕೆಟ್ ರೊಟ್ಟಿಯಲ್ಲಿ ಒಂದು ಚೂರೂ ಉಳಿದಿರಲಿಲ್ಲ. ಉಪ್ಪಿನ ಪೊಟ್ಟಣ ಮಾತ್ರ ಹಾಗೇ ಇತ್ತು.