ಅಗತ್ತಿಯಲ್ಲಿ ಚಿಪ್ಪಿನ ದೀಪ ಕೊಳ್ಳಬೇಡಿ, ಮಾಸ್ ಕೊಳ್ಳಿ

ಲಕ್ಷದ್ವೀಪದ ಅಗತ್ತಿಯಲ್ಲಿ ಮೊದಲ ದಿನವೇ 650 ರೂಪಾಯಿ ಕೊಟ್ಟು ಒಂದು ಚಿಪ್ಪಿನ ದೀಪ ಕೊಂಡೆ. "ಇದು ನಮ್ಮ ದ್ವೀಪದ್ದೇ, ಇಲ್ಲೇ ಮಾಡಿದ್ದು" ಎಂದು ಅಂಗಡಿಯವರು ಎರಡೆರಡು ಸಲ ಹೇಳಿದ್ದರು. ಕೋಣೆಗೆ ಬಂದು ದೀಪದ ಅಡಿ ತಿರುಗಿಸಿದರೆ ಅರ್ಧ ಕಿತ್ತುಹೋದ ಸ್ಟಿಕ್ಕರ್, ಅದರ ಮೇಲೆ ತಮಿಳು ಅಕ್ಷರ. ಎರಡು ವರ್ಷದ ಹಿಂದೆ ರಾಮೇಶ್ವರದ ಬೀದಿಯಲ್ಲಿ ಥೇಟ್ ಇಂಥದ್ದನ್ನೇ 150ಕ್ಕೆ ಕೊಡುತ್ತೇನೆಂದರೂ ಬೇಡವೆಂದು ಬಂದಿದ್ದೆವು. ದುಡ್ಡು ಹೋಗಿದ್ದಕ್ಕಿಂತ ಆ ಸುಳ್ಳೇ ನನಗೆ ಹೆಚ್ಚು ಚುಚ್ಚಿತು. ಪರ್ಮಿಟ್, ಟಿಕೆಟ್ ವಿಷಯ ಎಲ್ಲ ಕಡೆ ಸಿಗುತ್ತದೆ. ಅಲ್ಲಿಂದ ಏನು ತರಬೇಕು ಎಂದು ಮಾತ್ರ ನನಗೆ ಯಾರೂ ಹೇಳಿರಲಿಲ್ಲ.

ಸ್ವಲ್ಪ ಯೋಚಿಸಿದ್ದರೆ ನನಗೇ ಹೊಳೆಯಬೇಕಿತ್ತು. ಅಗತ್ತಿಯ ಉದ್ದ ಏಳು ಕಿಲೋಮೀಟರ್ ಚಿಲ್ಲರೆ. ಅಗಲ ಎಷ್ಟು ಕಡಿಮೆಯೆಂದರೆ ಕೆಲವು ಕಡೆ ರಸ್ತೆಯಲ್ಲಿ ನಿಂತರೆ ಎರಡೂ ಬದಿಗೆ ಸಮುದ್ರ. ಅಲ್ಲಿ ಆಗುವುದು ತೆಂಗು ಮತ್ತು ಮೀನು. ಅಕ್ಕಿ, ಈರುಳ್ಳಿ, ಸೋಪು, ಸಿಮೆಂಟು ಎಲ್ಲ ಹಡಗಿನಲ್ಲೇ ಬರಬೇಕು. ನಾನು ಮಂಗಳೂರಿನ ಬಂದರಿನ ಹತ್ತಿರ ಬೆಳೆದವನು. ದ್ವೀಪಕ್ಕೆ ಹೋಗುವ ಮಂಜಿ ಎಂಬ ಸರಕು ದೋಣಿಗಳಿಗೆ ಜಲ್ಲಿ, ತರಕಾರಿ ತುಂಬುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹಾಗಿದ್ದೂ ಗಾಜಿನ ಕಪಾಟಿನಲ್ಲಿ ಮಿನುಗುತ್ತಿದ್ದ ಸಾಮಾನು ಅದೇ ದಾರಿಯಲ್ಲಿ ಬಂದಿರಬಹುದು ಎಂದು ತಲೆಗೆ ಹೋಗಲಿಲ್ಲ. ಕೀಚೈನು, ಟೀ ಶರ್ಟು, ಮುತ್ತಿನ ಸರ ಯಾವುದನ್ನೂ ಅಲ್ಲಿ ಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಕೊಳ್ಳಬೇಕಾದದ್ದು ಮಾಸ್. ಟ್ಯೂನಾ ಮೀನನ್ನು ಹೆಚ್ಚಿ, ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆ ಹಾಕಿ, ಮರದ ತುಂಡಿನಷ್ಟು ಗಟ್ಟಿಯಾಗುವವರೆಗೆ ಬಿಸಿಲಲ್ಲಿ ಒಣಗಿಸುತ್ತಾರೆ. ಮಿನಿಕಾಯ್ ದ್ವೀಪದ ಮಾಸ್‌ಗೆ ಹೆಸರು ಜಾಸ್ತಿ, ಆದರೆ ಅಗತ್ತಿಯಲ್ಲೂ ಮಾಡುತ್ತಾರೆ. ಇದು ಅಂಗಡಿಯ ಕಪಾಟಿನಲ್ಲಿ ಕಾಣುವುದಿಲ್ಲ, ಮನೆಗಳಲ್ಲಿ ಕೇಳಬೇಕು. ನನಗೆ ಬ್ಯಾರಿ ಭಾಷೆ ಬರುವುದರಿಂದ ಅಲ್ಲಿನವರ ಜೆಸರಿ ಮಾತು ಅರ್ಧಕ್ಕರ್ಧ ತಿಳಿಯುತ್ತಿತ್ತು, ಕೇಳುವುದು ಕಷ್ಟವಾಗಲಿಲ್ಲ. ಒಬ್ಬರು ಉಮ್ಮ ಒಳಗಿನಿಂದ ಡಬ್ಬಿ ತಂದು, ಒಂದು ತುಂಡನ್ನು ಕೆರೆದು ಕೈಗೆ ಹಾಕಿ, "ತಿಂದು ನೋಡು ಮೋನೆ, ಆಮೇಲೆ ತಗೋ" ಎಂದರು. ಅರ್ಧ ಕಿಲೋಗೆ 350 ಕೊಟ್ಟೆ. ಅದೇ ಮನೆಯಲ್ಲಿ ಸುರ್ಕವೂ ಸಿಕ್ಕಿತು. ತೆಂಗಿನಿಂದ ಇಳಿಸಿದ ಸಿಹಿ ನೀರಾವನ್ನು (ಅಲ್ಲಿ ಅದಕ್ಕೆ ಮೀರ ಎನ್ನುತ್ತಾರೆ) ಹುಳಿ ಬರಿಸಿ ಮಾಡುವ ವಿನೆಗರ್ ಅದು. ಉಪ್ಪಿನಕಾಯಿಗೆ ಅದರಷ್ಟು ಒಳ್ಳೆಯದನ್ನು ನಾನು ಕಂಡಿಲ್ಲ. ತೆಂಗಿನತುರಿ, ಬೆಲ್ಲ ಸೇರಿಸಿ ಒಣ ಬಾಳೆಲೆಯಲ್ಲಿ ಸುತ್ತಿದ ಉಂಡೆಯನ್ನೂ ಕೇಳಿ. ಹೋದ ದಿನವೇ ಹೇಳಿಟ್ಟರೆ ಹೊರಡುವ ಹೊತ್ತಿಗೆ ಹೊಸದಾಗಿ ಕಟ್ಟಿಕೊಡುತ್ತಾರೆ.

ಈ ಮನೆಯ ದಾರಿ ತೋರಿಸಿದ್ದು ಜೆಟ್ಟಿ ಕಡೆಯ ಒಂದು ಸಣ್ಣ ಹೊಟೇಲಿನ ಕಾಕಾ. ಬೋರ್ಡಿಲ್ಲ, ನಾಲ್ಕು ಬೆಂಚು, ತಗಡಿನ ಮಾಡು. ನಾವು ಉಳಿದುಕೊಂಡಿದ್ದ ಕಡೆ ಒಂದು ಊಟಕ್ಕೆ 450, ಅದೂ ಫ್ರೀಜರಿನ ಕೋಳಿ! ಕಾಕಾ ಅವರಲ್ಲಿ 120ಕ್ಕೆ ಕುಚ್ಚಲಕ್ಕಿ ಅನ್ನ, ಬೆಳಿಗ್ಗೆ ಹಿಡಿದ ಟ್ಯೂನಾದ ಕೆಂಪು ಸಾರು, ಜೊತೆಗೆ ಮಾಸ್ ಪೊಡಿಚ್ಚದು. ಕುಟ್ಟಿದ ಮಾಸ್‌ಗೆ ತೆಂಗಿನತುರಿ, ಅರಸಿನ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ ಹಾಕಿ ಬಾಡಿಸಿದ ಒಣ ಪಲ್ಯ ಅದು. ಅನ್ನಕ್ಕೆ ಕಲಸಿದರೆ ಬೇರೆ ಏನೂ ಬೇಡ. ನನ್ನ ಹೆಂಡತಿ ಮೂರನೇ ದಿನ ಅಡುಗೆಮನೆಗೇ ಹೋಗಿ ನಿಂತು ಕಲಿತಳು. ಸಂಜೆ ಹೋದರೆ ಆಕ್ಟೋಪಸ್ ಫ್ರೈ, ಒಂದು ತಟ್ಟೆ ಮುಗಿದರೆ ಮುಗಿಯಿತು. ಮಂಗಳೂರಿನವರು ಎಂದಾಗ ಕಾಕಾ ಪಕ್ಕದಲ್ಲಿ ಬಂದು ಕುಳಿತರು. ಅವರ ತಾಯಿ ಕಡೆಯವರು ಅಮಿನಿಯವರಂತೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಹಿಂದೆ ಅಲ್ಲಿಯವರು ತೆಂಗಿನ ನಾರಿನ ಹುರಿ ಮಂಗಳೂರಿಗೆ ತಂದು ಸರ್ಕಾರಕ್ಕೆ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ಆ ಹುರಿಯ ಒಂದು ಸಣ್ಣ ಕಟ್ಟನ್ನು ಕಾಕಾ ಹೊರಡುವಾಗ ನನ್ನ ಕೈಗಿಟ್ಟರು, ದುಡ್ಡು ಮುಟ್ಟಲಿಲ್ಲ.

ಮಕ್ಕಳಿದ್ದರೆ ಇದನ್ನು ಗಮನಿಸಿ. ನನ್ನ ಮಗ ದಡದಲ್ಲಿ ಬಿದ್ದಿದ್ದ ಹವಳದ ಚೂರುಗಳನ್ನು ಬ್ಯಾಗಿನಲ್ಲಿ ತುಂಬಿಕೊಂಡಿದ್ದ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಎಲ್ಲ ಹೊರಗೆ ಬಂತು, ಹುಡುಗ ಅತ್ತ. ಸಿಬ್ಬಂದಿ ಸೌಮ್ಯವಾಗಿಯೇ ಹೇಳಿದರು, ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಜೈಲಿಗೆ ಹೋಗುವಂಥ ಅಪರಾಧ. ಸತ್ತ ಹವಳ, ದೊಡ್ಡ ಕಪ್ಪೆಚಿಪ್ಪು, ಕೆಲವು ಜಾತಿಯ ಶಂಖ ಎಲ್ಲಕ್ಕೂ ಇದು ಅನ್ವಯ. ಆ ದ್ವೀಪದ ನೆಲವೇ ಹವಳದ ಪುಡಿ, ಸಮುದ್ರಕ್ಕಿಂತ ಒಂದೆರಡು ಮೀಟರ್ ಎತ್ತರವಷ್ಟೇ. ಮೊದಲ ದಿನವೇ ಇದನ್ನು ಮಗನಿಗೆ ತಿಳಿಸಿ ಹೇಳಬೇಕಾಗಿದ್ದದ್ದು ನಾನು. ಯಾರಾದರೂ ಗುಟ್ಟಾಗಿ ಹವಳ ಮಾರಲು ಬಂದರೆ ದಯವಿಟ್ಟು ಮುಟ್ಟಬೇಡಿ.

ನೋಟು, ಅದರಲ್ಲೂ ಚಿಲ್ಲರೆ, ಜೊತೆಗಿರಲಿ. ಫೋನಿನಲ್ಲಿ ದುಡ್ಡು ಕಳಿಸಲು ಹೋಗಿ ನನಗೆ ಎರಡು ಸಲ ನೆಟ್‌ವರ್ಕ್ ಕೈಕೊಟ್ಟಿತು, ಉಮ್ಮನ ಬಾಗಿಲಲ್ಲಿ ಅರ್ಧ ಗಂಟೆ ನಿಂತೆ. ಶುಕ್ರವಾರ ಮಧ್ಯಾಹ್ನ ಅಂಗಡಿ ತೆರೆದಿರುವುದಿಲ್ಲ. ಜನಜಂಗುಳಿ, ಮಾಲ್‌ನಂಥ ಬಜಾರು ಬೇಕೆನ್ನುವವರಿಗೆ ಅಗತ್ತಿ ಹಿಡಿಸದು. ನನಗೆ ಆ ಖಾಲಿ ರಸ್ತೆಯೇ ಇಷ್ಟವಾಯಿತು.

ಬರುವ ವಿಮಾನ ಚಿಕ್ಕದು, ತೂಕ ನೋಡಿಕೊಳ್ಳಿ. ಸುರ್ಕದ ಬಾಟಲಿಯನ್ನು ಬಟ್ಟೆ ಸುತ್ತಿ ದೊಡ್ಡ ಬ್ಯಾಗಿಗೇ ಹಾಕಿ, ಕೈಚೀಲದಲ್ಲಿ ಬಿಡುವುದಿಲ್ಲ. ಮಾಸ್‌ಗೆ ಮೂರು ಪದರ ಪ್ಲಾಸ್ಟಿಕ್ ಬೇಕು. ನಾವು ಒಂದೇ ಪದರ ಸುತ್ತಿದ್ದೆವು. ಮಗನ ಶಾಲೆಯ ಸ್ವೆಟರನ್ನು ನಾಲ್ಕು ಸಲ ಒಗೆಯಬೇಕಾಯಿತು.